ಕಡೆಗಣ್ಣಿನ ಕಾವಲು

ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗವಿದು. ಒಬ್ಬ ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಯನ್ನೇ ದಿಟ್ಟಿಸುತ್ತಿರಲಿ. ಇನ್ನೊಬ್ಬ ಅವನ ಕಿವಿಗಿಂತ ತುಸು ಮುಂದೆ, ಒಂದು ಮೊಳ ದೂರದಲ್ಲಿ, ಬೆರಳುಗಳನ್ನು ಹಿಡಿಯಲಿ. ಅಲುಗದ ಬೆರಳು ಗಮನಕ್ಕೇ ಬಾರದು. ಕೊಂಚ ಆಡಿಸಿದರೆ ಥಟ್ಟನೆ ಗೊತ್ತಾಗುತ್ತದೆ. ಎಷ್ಟು ಬೆರಳು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ!

ಅಕ್ಷಿಪಟಲದ ನಡುವಿನ ಪುಟ್ಟ ಕುಳಿಯಲ್ಲಿ ಶಂಕುಕೋಶಗಳು ಒತ್ತೊತ್ತಾಗಿವೆ. ಓದುವುದು, ಸೂಜಿಗೆ ದಾರ ಪೋಣಿಸುವುದು ಇದರ ಕೆಲಸ. ಆದರೆ ಅದಕ್ಕೆ ಕಾಣುವ ಜಾಗ ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟೇ. ಅಂಚಿನಲ್ಲಾದರೋ ಅನೇಕ ಕೋಶಗಳು ಸೇರಿ ಒಂದೇ ನರತಂತುವಿಗೆ ಸುದ್ದಿ ಮುಟ್ಟಿಸುತ್ತವೆ. ಆಕಾರ ಕಲಸಿಹೋಗುತ್ತದೆ, ಬದಲಾವಣೆ ಮಾತ್ರ ತಿಳಿಯುತ್ತದೆ. ಹುಲ್ಲಿನಲ್ಲಿ ಹರಿದ ಹಾವಿನ ಸುಳಿವು ಸಿಗುವುದು ಕಡೆಗಣ್ಣಿಗೆ. ಕೇರೆಯೋ ನಾಗರವೋ ಎಂದು ಹೇಳಬೇಕಾದರೆ ಕತ್ತು ತಿರುಗಿಸಬೇಕು. ‘ಕಡೆಗಣಿಸು’ ಎಂಬ ಮಾತಿಗೆ ಅಸಡ್ಡೆಯ ಅರ್ಥ ಬಂದಿರುವುದು ಈ ಕಾವಲುಗಾರನಿಗೆ ಆದ ಅನ್ಯಾಯವೇ ಸರಿ.

ಆದರೆ ಕದಲದ ವಸ್ತುವನ್ನು ಈ ಕಾವಲುಗಾರ ಬೇಗ ಮರೆಯುತ್ತಾನೆ. ನೋಟ ಒಂದೆಡೆ ನೆಟ್ಟರೆ ಪಕ್ಕದ ನಿಶ್ಚಲ ವಸ್ತು ಮಾಸಿಹೋಗುತ್ತದೆಂದು ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಬರೆದಿದ್ದ. ಇದರಿಂದ ರಸ್ತೆಯಲ್ಲಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಬಯಲುಸೀಮೆಯಲ್ಲಿ ಎರಡು ನೇರ ರಸ್ತೆಗಳು ಅಡ್ಡ ಹಾಯುವ ಕಡೆ, ದಕ್ಷಿಣದಿಂದ ಒಂದು ಬೈಕು, ಪೂರ್ವದಿಂದ ಒಂದು ಲಾರಿ, ಎರಡೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿವೆ ಎನ್ನೋಣ. ಎರಡೂ ಕೂಡುರಸ್ತೆಗೆ 300 ಮೀಟರ್ ದೂರವಿದ್ದಾಗ ಲಾರಿ ಸವಾರನ ಬಲಕ್ಕೆ 45 ಡಿಗ್ರಿ ಕೋನದಲ್ಲಿರುತ್ತದೆ. 200 ಮೀಟರಿನಲ್ಲೂ 45. 100ರಲ್ಲೂ 45! ಢಿಕ್ಕಿ ಹೊಡೆಯಲಿರುವ ಲಾರಿ ಅವನ ನೋಟದಲ್ಲಿ ಪಕ್ಕಕ್ಕೆ ಸರಿಯುವುದೇ ಇಲ್ಲ. ದೊಡ್ಡದಾಗುತ್ತದೆ, ಅದೂ ಎದ್ದುಕಾಣುವಂತೆ ಆಗುವುದು ಕೊನೆಯ ಗಳಿಗೆಯಲ್ಲಿ. ವೇಗಗಳು ಬೇರೆಬೇರೆಯಾಗಿದ್ದರೂ, ಬದಲಾಗದೆ ಒಂದೇ ಕ್ಷಣಕ್ಕೆ ಕೂಡುವಂತಿದ್ದರೆ ಕೋನ ಅಷ್ಟೇ ಇರುತ್ತದೆ. ಕಾರಿನಲ್ಲಿದ್ದವನಿಗೆ ಮುಂಗಾಜಿನ ಪಕ್ಕದ ಕಂಬವೇ ಲಾರಿಯನ್ನು ಉದ್ದಕ್ಕೂ ಮರೆಮಾಡೀತು.

ಹಡಗಿನವರು ಇದನ್ನು ಚೆನ್ನಾಗಿ ಬಲ್ಲರು. ಹತ್ತಿರವಾಗುತ್ತಿರುವ ಹಡಗಿನ ದಿಕ್ಕು ದಿಕ್ಸೂಚಿಯಲ್ಲಿ ಬದಲಾಗದಿದ್ದರೆ ಢಿಕ್ಕಿಯ ಅಪಾಯವಿದೆಯೆಂದೇ ತಿಳಿಯಬೇಕೆಂದು 1972ರ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ.

ಬೈಕಿನವನ ಬಳಿ ದಿಕ್ಸೂಚಿ ಇರುವುದಿಲ್ಲ, ಕತ್ತು ಇರುತ್ತದೆ. ಕೂಡುರಸ್ತೆಗೆ ಮುಂಚೆಯೇ ಅದನ್ನು ಎರಡೂ ಬದಿಗೆ ತಿರುಗಿಸಿ ನೆಟ್ಟಗೆ ನೋಡಬೇಕು. ವೇಗ ತಗ್ಗಿಸಿದರೆ ಇನ್ನೊಂದು ಲಾಭವೂ ಉಂಟು: ಕೋನ ಬದಲಾಗಿ, ಅಷ್ಟುಹೊತ್ತು ನಿಂತಂತಿದ್ದ ಲಾರಿ ನೋಟದಲ್ಲಿ ಸರಿಯತೊಡಗುತ್ತದೆ. ಆಗ ಕಡೆಗಣ್ಣು ತಾನಾಗಿ ಎಚ್ಚರಿಸುತ್ತದೆ.