ಹಾಡಿನೊಳಗಿನ ರಾಜಕೀಯ: ಯಾರಿಗೆ ಕಲೆ, ಯಾರಿಗೆ ಅಪರಾಧ?

ಕಲೆಯೊಳಗೆ ರಾಜಕೀಯವನ್ನು ಬೆರೆಸಬಾರದು ಎಂಬ ಹಿತವಚನವು ನಮ್ಮಲ್ಲಿ ಬಹುಕಾಲದಿಂದ ಕೇಳಿ ಬರುತ್ತಿದೆ. ಹಾಡು ಮನಸ್ಸಿಗೆ ಮುದ ನೀಡಬೇಕು, ನಾಟಕ ರಂಜಿಸಬೇಕು, ಸಿನಿಮಾ ಎರಡು ಗಂಟೆಯ ಮಟ್ಟಿಗೆ ಚಿಂತೆಗಳನ್ನು ಮರೆಸಬೇಕು. ಸರಕಾರ, ಕಾನೂನು, ಪೌರತ್ವ ಮುಂತಾದವುಗಳಿಗೆ ಬೇರೆ ವೇದಿಕೆಗಳಿವೆ ಎಂಬುದು ಈ ವಾದದ ಸಾರ. ಮೇಲ್ನೋಟಕ್ಕೆ ಇದು ಒಪ್ಪತಕ್ಕ ಮಾತು. ನಮ್ಮ ಸಮುದಾಯದ ಹಿರಿಯರಲ್ಲೂ ಅನೇಕರು, ‘ನಮಗೇಕೆ ಇಲ್ಲದ ಉಸಾಬರಿ’ ಎಂದು ಇದಕ್ಕೆ ತಲೆದೂಗುತ್ತಾರೆ. ಆದರೆ ಈ ಹಿತವಚನವನ್ನು ಯಾರಿಗೆ ಹೇಳಲಾಗುತ್ತದೆ, ಯಾರಿಗೆ ಹೇಳಲಾಗುವುದಿಲ್ಲ ಎಂಬುದನ್ನು ಗಮನಿಸಿದರೆ ಅದರ ನಿಜಬಣ್ಣ ತಿಳಿಯುತ್ತದೆ.

ನಮ್ಮ ರಾಜ್ಯದ ಎರಡು ಶಾಲೆಗಳನ್ನೇ ತೆಗೆದುಕೊಳ್ಳೋಣ. 2019ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡದ ಕಲ್ಲಡ್ಕದ ಶಾಲೆಯೊಂದರ ಕ್ರೀಡೋತ್ಸವದಲ್ಲಿ ಬಾಬರಿ ಮಸೀದಿಯ ಧ್ವಂಸವನ್ನು ವಿದ್ಯಾರ್ಥಿಗಳಿಂದ ಪ್ರದರ್ಶಿಸಲಾಯಿತು. ಮಸೀದಿಯ ಬೃಹತ್ ಚಿತ್ರಪಟದತ್ತ ಮಕ್ಕಳು ಓಡಿ ಬಂದು ಅದನ್ನು ಉರುಳಿಸಿದರು. ಪುದುಚೇರಿಯ ಅಂದಿನ ಲೆಫ್ಟಿನೆಂಟ್ ಗವರ್ನರ್ ಮತ್ತು ಕೇಂದ್ರ ಸಚಿವರೊಬ್ಬರು ಆ ಕಾರ್ಯಕ್ರಮದ ಅತಿಥಿಗಳಾಗಿದ್ದರು. ಮಸೀದಿಯನ್ನು ಕೆಡವಿದ್ದು ಕಾನೂನಿನ ಘೋರ ಉಲ್ಲಂಘನೆ ಎಂದು ಸುಪ್ರೀಮ್ ಕೋರ್ಟು ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಅಯೋಧ್ಯೆಯ ತೀರ್ಪಿನಲ್ಲಿಯೇ ಹೇಳಿತ್ತು. ಪೊಲೀಸರು ಪ್ರಕರಣ ದಾಖಲಿಸಿದರೇನೋ ನಿಜ, ಯಾರನ್ನೂ ಬಂಧಿಸಲಿಲ್ಲ.

ಎರಡನೆಯದು ಬೀದರ್‌ನ ಶಾಹೀನ್ ಶಾಲೆ. 2020ರ ಜನವರಿ 21ರಂದು, ಅಂದರೆ ಕಲ್ಲಡ್ಕದ ಪ್ರದರ್ಶನವಾಗಿ ಒಂದೂವರೆ ತಿಂಗಳು ತುಂಬುವ ಮೊದಲೇ, ಅಲ್ಲಿನ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಒಂದು ನಾಟಕ ಆಡಿದರು. ದೇಶದ್ರೋಹದ ಮೊಕದ್ದಮೆ ದಾಖಲಾಯಿತು. ಶಾಲೆಯ ಮುಖ್ಯ ಶಿಕ್ಷಕಿ ಮತ್ತು ನಾಟಕದಲ್ಲಿ ಪಾತ್ರ ವಹಿಸಿದ್ದ ಬಾಲಕಿಯ ತಾಯಿ ಎರಡು ವಾರಗಳನ್ನು ಜೈಲಿನಲ್ಲಿ ಕಳೆದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು, ಸಮವಸ್ತ್ರದಲ್ಲಿಯೇ ಕುಳಿತು, ಪ್ರಾಥಮಿಕ ಶಾಲೆಯ ಮಕ್ಕಳನ್ನು ವಿಚಾರಿಸಿದರು. ಈ ನಾಟಕದಲ್ಲಿ ದೇಶದ್ರೋಹವೇನೂ ಇಲ್ಲ ಎಂದು ಹೈಕೋರ್ಟಿನ ಕಲಬುರಗಿ ಪೀಠವು ಪ್ರಕರಣವನ್ನು ರದ್ದುಪಡಿಸಿದ್ದು 2023ರ ಜೂನ್‌ನಲ್ಲಿ. ಮೂರೂವರೆ ವರ್ಷ ಬೇಕಾಯಿತು.

ಸರಕಾರದ ನೀತಿಗಳ ಟೀಕೆಯಿಂದ ಮಕ್ಕಳನ್ನು ದೂರವಿಡುವುದು ಒಳ್ಳೆಯದು ಎಂದೂ ಅದೇ ತೀರ್ಪಿನಲ್ಲಿ ನ್ಯಾಯಪೀಠವು ಶಾಲೆಗಳಿಗೆ ಸಲಹೆ ಮಾಡಿದೆ. ಈ ಸಲಹೆಯಲ್ಲಿ ವಿಚಾರ ಮಾಡತಕ್ಕ ಅಂಶ ಇದೆ ಎಂದು ನಾವು ಭಾವಿಸುತ್ತೇವೆ. ಒಂಬತ್ತು ವರ್ಷದ ಮಗುವಿನ ಬಾಯಿಗೆ ದೊಡ್ಡವರ ಸಿಟ್ಟಿನ ಮಾತುಗಳನ್ನು ತುಂಬುವುದು ಶಿಕ್ಷಣವಲ್ಲ. ಆದರೆ ಆ ಸಲಹೆ ಬೀದರ್‌ಗೆ ಅನ್ವಯಿಸುವುದಾದರೆ ಕಲ್ಲಡ್ಕಕ್ಕೂ ಅನ್ವಯಿಸಬೇಕಲ್ಲವೇ? ಒಂದು ಕಡೆ ಮಗು ಪ್ರಶ್ನೆ ಕೇಳಿತು. ಇನ್ನೊಂದು ಕಡೆ ಮಗು ಆರಾಧನಾಲಯವನ್ನು ಕೆಡವುವ ಅಭಿನಯ ಮಾಡಿತು. ಈ ಎರಡರಲ್ಲಿ ಯಾವುದು ಜೈಲಿಗೆ ಹೋಗುವಷ್ಟು ಅಪಾಯಕಾರಿ ಎಂದು ನಮ್ಮ ವ್ಯವಸ್ಥೆ ತೀರ್ಮಾನಿಸಿತು ಎಂಬುದನ್ನು ಓದುಗರೇ ನೋಡಲಿ.

ಅದೇ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಕವಿ ಸಿರಾಜ್ ಬಿಸರಳ್ಳಿಯವರು, ಜನರಿಂದ ದಾಖಲೆ ಕೇಳುವವರನ್ನೇ ಪ್ರಶ್ನಿಸುವ ಕವನವೊಂದನ್ನು ಓದಿದ್ದಕ್ಕಾಗಿ ಮೊಕದ್ದಮೆ ಎದುರಿಸಬೇಕಾಯಿತು. ಕನ್ನಡ ನಾಡಿಗೆ ಮುಸ್ಲಿಮ್ ಕವಿ ಹೊಸಬನಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನು ಹಾಡದ ಊರಿಲ್ಲ. ಕೆ.ಎಸ್. ನಿಸಾರ್ ಅಹಮದ್‌ರ ‘ನಿತ್ಯೋತ್ಸವ’ ಇಲ್ಲದೆ ರಾಜ್ಯೋತ್ಸವ ಮುಗಿಯುವುದಿಲ್ಲ. ಆದರೆ ಅದೇ ನಿಸಾರ್ ಅಹಮದ್‌ರು ‘ಕುರಿಗಳು ಸಾರ್ ಕುರಿಗಳು’ ಎಂಬ ರಾಜಕೀಯ ವಿಡಂಬನೆಯನ್ನೂ ಬರೆದರು ಎಂಬುದನ್ನು ಮರೆಯಬಾರದು. ಜೋಗದ ಬೆಳಕನ್ನು ಹಾಡುವ ಮುಸ್ಲಿಮ್ ಕವಿ ಎಲ್ಲರಿಗೂ ಇಷ್ಟ. ದಾಖಲೆಯ ಕುರಿತು ಕೇಳುವ ಮುಸ್ಲಿಮ್ ಕವಿಗೆ ಮಾತ್ರ ‘ಕಲೆಯಲ್ಲಿ ರಾಜಕೀಯ ಬೇಡ’ ಎಂಬ ಪಾಠ. ಸಿದ್ಧಲಿಂಗಯ್ಯನವರ ಹಾಡುಗಳಿಲ್ಲದೆ ಕರ್ನಾಟಕದ ದಲಿತ ಚಳವಳಿಯನ್ನು ಕಲ್ಪಿಸಿಕೊಳ್ಳಲಾದೀತೇ?

ಇನ್ನು ಸಿನಿಮಾದ ವಿಷಯ. 2022ರ ಮಾರ್ಚ್‌ನಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ ಬಿಡುಗಡೆಯಾದಾಗ ಹಲವು ರಾಜ್ಯ ಸರಕಾರಗಳು ಪೈಪೋಟಿಯಿಂದ ಅದಕ್ಕೆ ತೆರಿಗೆ ವಿನಾಯಿತಿ ಘೋಷಿಸಿದವು. ಅಂದಿನ ಕರ್ನಾಟಕ ಸರಕಾರವೂ ಘೋಷಿಸಿತು. ಕಾಶ್ಮೀರಿ ಪಂಡಿತರು ಅನುಭವಿಸಿದ ಯಾತನೆ ಸತ್ಯ, ಅದನ್ನು ಹೇಳಬೇಕು. ಅದನ್ನು ಅಲ್ಲಗಳೆಯುವ ಮುಸ್ಲಿಮನು ನ್ಯಾಯದ ಪಕ್ಷದಲ್ಲಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಒಂದು ಯಾತನೆಯನ್ನು ಹೇಳುವ ಸಿನಿಮಾಕ್ಕೆ ಖಜಾನೆಯೇ ತೆರೆದುಕೊಳ್ಳುವಾಗ ‘ಕಲೆ ರಾಜಕೀಯದಿಂದ ದೂರವಿರಲಿ’ ಎನ್ನುವವರು ಎಲ್ಲಿಗೆ ಹೋಗಿದ್ದರು?

2023ರ ‘ದಿ ಕೇರಳ ಸ್ಟೋರಿ’ಯಂತೂ ಇನ್ನೂ ಮುಂದೆ ಹೋಯಿತು. 32,000 ಯುವತಿಯರನ್ನು ಮತಾಂತರಿಸಲಾಯಿತು ಎಂದು ಅದರ ಪ್ರಚಾರ ತುಣುಕು ಸಾರಿತು. ವಿರೋಧ ಬಂದಾಗ ಟ್ರೇಲರ್‌ನ ವಿವರಣೆಯಲ್ಲಿ ಆ ಸಂಖ್ಯೆ ಮೂರಕ್ಕೆ ಇಳಿಯಿತು! 32,000 ಎಂಬುದಕ್ಕೆ ಅಧಿಕೃತ ಆಧಾರವಿಲ್ಲ, ಚಿತ್ರವು ಕಾಲ್ಪನಿಕ ರೂಪಾಂತರ ಎಂಬ ಸೂಚನೆಯನ್ನು ಸೇರಿಸಲು ನಿರ್ಮಾಪಕರು ಸುಪ್ರೀಮ್ ಕೋರ್ಟಿನಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ, ಬಳ್ಳಾರಿಯ ಸಭೆಯಲ್ಲಿ, ಪ್ರಧಾನಮಂತ್ರಿಗಳೇ ಆ ಚಿತ್ರವನ್ನು ಪ್ರಸ್ತಾಪಿಸಿ ಮಾತನಾಡಿದ್ದರು. 2025ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ಅದಕ್ಕೆ ಸಂದಿತು. ಇದು ರಾಜಕೀಯವಲ್ಲದಿದ್ದರೆ ರಾಜಕೀಯ ಎಂದರೇನು?

ಹಾಗಾದರೆ ಇಸ್ಲಾಮ್ ಈ ವಿಷಯದಲ್ಲಿ ಏನು ಹೇಳುತ್ತದೆ? ಪವಿತ್ರ ಕುರ್‌ಆನಿನ 26ನೇ ಅಧ್ಯಾಯದ ಹೆಸರೇ ‘ಅಶ್ಶುಅರಾ’, ಅಂದರೆ ಕವಿಗಳು. ಅದರ ಕೊನೆಯ ವಚನಗಳಲ್ಲಿ, ಕಣಿವೆ ಕಣಿವೆಗಳಲ್ಲಿ ಗುರಿಯಿಲ್ಲದೆ ಅಲೆಯುವ, ತಾವು ಮಾಡದುದನ್ನು ಹೇಳುವ ಕವಿಗಳನ್ನು ಅಲ್ಲಾಹನು ಖಂಡಿಸಿದ್ದಾನೆ. ಆದರೆ ಸತ್ಯವಿಶ್ವಾಸವಿರಿಸಿ ಸತ್ಕರ್ಮವೆಸಗುವ, ಅಲ್ಲಾಹನನ್ನು ಧಾರಾಳ ಸ್ಮರಿಸುವ, ತಮ್ಮ ಮೇಲೆ ಅನ್ಯಾಯವಾದಾಗ ಪ್ರತಿರೋಧಿಸುವ ಕವಿಗಳನ್ನು ಆ ಖಂಡನೆಯಿಂದ ಹೊರಗಿರಿಸಿದ್ದಾನೆ. ಈ ಕೊನೆಯ ಗುಣವನ್ನು ಗಮನಿಸಬೇಕು. ಅನ್ಯಾಯದ ವಿರುದ್ಧ ಕಾವ್ಯದಲ್ಲಿ ದನಿಯೆತ್ತುವುದು ಅಲ್ಲಿ ಸಹಿಸಲ್ಪಟ್ಟ ದೋಷವಲ್ಲ, ಕವಿಯನ್ನು ಬಿಡುಗಡೆಗೊಳಿಸುವ ಗುಣಗಳಲ್ಲಿ ಒಂದು. ಪ್ರವಾದಿ ಮುಹಮ್ಮದ್(ಸ)ರು ಹಸ್ಸಾನ್ ಬಿನ್ ಸಾಬಿತ್(ರ)ರಿಗಾಗಿ ಮದೀನದ ಮಸೀದಿಯಲ್ಲಿಯೇ ಮಿಂಬರ್ ಇರಿಸಿಕೊಟ್ಟರು. ಕುರೈಶರ ನಿಂದೆಗೆ ಅವರು ಅಲ್ಲಿಂದ ಪದ್ಯದಲ್ಲಿ ಉತ್ತರಿಸುತ್ತಿದ್ದರು. ಉಮ್ರಾಕ್ಕಾಗಿ ಮಕ್ಕಾ ಪ್ರವೇಶಿಸುವಾಗ ಅಬ್ದುಲ್ಲಾ ಬಿನ್ ರವಾಹ(ರ)ರು ಕವಿತೆ ಹಾಡುತ್ತಾ ಮುಂದೆ ನಡೆದರು. ಇಂತಹ ಸ್ಥಳದಲ್ಲಿ ಕವಿತೆಯೇ ಎಂದು ಉಮರ್(ರ)ರು ಆಕ್ಷೇಪಿಸಿದಾಗ ಪ್ರವಾದಿವರ್ಯರು ಹಾಡುವವರ ಪಕ್ಷ ವಹಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ.

ಆದ್ದರಿಂದ ಹಾಡಿನಲ್ಲಿ ರಾಜಕೀಯ ಇರಬೇಕೇ ಎಂಬ ಪ್ರಶ್ನೆಯೇ ದಾರಿ ತಪ್ಪಿದ್ದು. ಹಾಡು ಹೇಳುವುದು ಸತ್ಯವೇ, ಅದು ನಿಂತಿರುವುದು ದುರ್ಬಲನ ಬಳಿಯೋ ಅವನ ಎದೆಯ ಮೇಲೋ ಎಂಬುದನ್ನು ಕೇಳಬೇಕು. ಉತ್ತರ ಭಾರತದಲ್ಲಿ ದ್ವೇಷದ ಹಾಡು ಒಂದು ಉದ್ಯಮವಾಗಿಯೇ ಬೆಳೆದಿರುವುದನ್ನು ಪತ್ರಕರ್ತ ಕುನಾಲ್ ಪುರೋಹಿತ್ 2023ರಲ್ಲಿ ಒಂದು ಪುಸ್ತಕವಾಗಿ ಬರೆದಿದ್ದಾರೆ. ಮೆರವಣಿಗೆಗಳು ಮಸೀದಿಯ ಮುಂದೆ ಬಂದು ನಿಂತಾಗ ಡಿಜೆಯಲ್ಲಿ ಮೊಳಗುವುದು ಭಕ್ತಿಗೀತೆಯಲ್ಲ ಎಂಬುದು ಒಳಗೆ ನಮಾಝಿಗೆ ನಿಂತವರಿಗೆಲ್ಲ ಗೊತ್ತು.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಆಫ್ರಿಕಾದ ರುವಾಂಡ ಸಾಕ್ಷಿ. ಸಿಮೋನ್ ಬಿಕಿಂಡಿ ಅಲ್ಲಿನ ಜನಪ್ರಿಯ ಹಾಡುಗಾರ. 1994ರಲ್ಲಿ ನೂರು ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳ ಹತ್ಯೆ ನಡೆದಾಗ ಆತನ ಹಾಡುಗಳು ರೇಡಿಯೋದಲ್ಲಿ ಮೊಳಗುತ್ತಿದ್ದವು. 2008ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿಯು ಆತನಿಗೆ 15 ವರ್ಷಗಳ ಸಜೆ ವಿಧಿಸಿತು. ಆದರೆ ನ್ಯಾಯಮಂಡಳಿಯ ವಿವೇಚನೆಯನ್ನು ನೋಡಿ. ಹಾಡುಗಳು ದ್ವೇಷ ಹರಡಲು ಬಳಕೆಯಾದವು ಎಂದು ಒಪ್ಪಿಯೂ, ಹಾಡು ಬರೆದದ್ದಕ್ಕಾಗಿ ಅದು ಶಿಕ್ಷಿಸಲಿಲ್ಲ. ವಾಹನಕ್ಕೆ ಧ್ವನಿವರ್ಧಕ ಕಟ್ಟಿಕೊಂಡು ರಸ್ತೆಯಲ್ಲಿ ಸಾಗುತ್ತಾ, ಟುಟ್ಸಿಗಳನ್ನು ಕೊಲ್ಲಿರಿ ಎಂದು ಆತ ನೇರವಾಗಿ ಕರೆ ಕೊಟ್ಟದ್ದಕ್ಕಾಗಿ ಶಿಕ್ಷಿಸಿತು. ಅಭಿಪ್ರಾಯ ಎಲ್ಲಿ ಮುಗಿಯುತ್ತದೆ, ಕೊಲೆಯ ಪ್ರಚೋದನೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ನರಮೇಧವನ್ನು ಕಂಡ ನ್ಯಾಯಾಧೀಶರೇ ಅಷ್ಟು ಎಚ್ಚರದಿಂದ ಎಳೆದರು. ನಮ್ಮಲ್ಲಿ ಒಂದು ಶಾಲಾ ನಾಟಕಕ್ಕೆ ಆ ಎಚ್ಚರ ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಸಮುದಾಯವೂ ಕನ್ನಡಿ ನೋಡಿಕೊಳ್ಳಬೇಕು. 2013ರಲ್ಲಿ ‘ವಿಶ್ವರೂಪಂ’ ಚಿತ್ರಕ್ಕೆ ನಿಷೇಧ ಬೇಕೆಂದು ತಮಿಳುನಾಡಿನ ಮುಸ್ಲಿಮ್ ಸಂಘಟನೆಗಳು ಪಟ್ಟು ಹಿಡಿದವು, ಸರಕಾರ ಎರಡು ವಾರ ತಡೆಯಿತು, ಕೊನೆಗೆ ಕೆಲವು ದೃಶ್ಯಗಳ ಧ್ವನಿ ಅಡಗಿಸಿ ಚಿತ್ರ ತೆರೆ ಕಂಡಿತು. ಬಂದ ಲಾಭವೇನು? ಚಿತ್ರಕ್ಕೆ ಪುಕ್ಕಟೆ ಪ್ರಚಾರ, ಸಮುದಾಯಕ್ಕೆ ಅಸಹಿಷ್ಣು ಎಂಬ ಬಿರುದು. ನಮಗೆ ನೋವಾದಾಗ ನಿಷೇಧ, ನಮ್ಮ ಕವಿಗೆ ನೋವಾದಾಗ ಅಭಿವ್ಯಕ್ತಿ ಸ್ವಾತಂತ್ರ್ಯ ಎನ್ನುವುದು ನ್ಯಾಯದ ತಕ್ಕಡಿಯಲ್ಲ. ಇನ್ನೊಂದು ಮಾತು. ಸಂಗೀತ ಸಮ್ಮತವೇ ಅಲ್ಲವೇ ಎಂಬ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಆದರೆ ಮಗನ ಮದುವೆಗೆ ಮಧ್ಯರಾತ್ರಿಯವರೆಗೆ ಡಿಜೆ ಕುಣಿಸಿ, ನ್ಯಾಯದ ಕುರಿತು ನಾಲ್ಕು ಸಾಲು ಬರೆದ ಯುವಕನಿಗೆ ಮಾತ್ರ ‘ಹರಾಮ್’ ಎಂದು ಗದರಿಸುವುದು ಯಾವ ಧರ್ಮನಿಷ್ಠೆ? ಚುನಾವಣೆ ಬಂದಾಗ ಅಭ್ಯರ್ಥಿಯ ಹೊಗಳಿಕೆಗೆ ಕವಾಲಿಯ ಧಾಟಿ ಕಟ್ಟಿ ಹಾಡಿಸುವವರೂ ನಮ್ಮವರೇ. ಅದಕ್ಕೆ ಯಾರ ಆಕ್ಷೇಪವೂ ಕೇಳಿಸುವುದಿಲ್ಲ.

ಉರ್ದು ಕವಿ ಮತ್ತು ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪ್‌ಗಢಿಯವರ ಮೇಲೆ ಒಂದು ಕವಿತೆಯ ಕಾರಣಕ್ಕೆ ಗುಜರಾತಿನ ಜಾಮ್‌ನಗರದಲ್ಲಿ ದಾಖಲಾದ ಪ್ರಕರಣವನ್ನು ಸುಪ್ರೀಮ್ ಕೋರ್ಟು 2025ರ ಮಾರ್ಚ್ 28ರಂದು ರದ್ದುಪಡಿಸಿತು. ಆ ಕವಿತೆಯಲ್ಲಿ ಹಿಂಸೆಯ ಕರೆಯಿಲ್ಲ, ಅನ್ಯಾಯವನ್ನು ಪ್ರೀತಿಯಿಂದ ಎದುರಿಸುವ ಮಾತಿದೆ ಎಂದು ನ್ಯಾಯಾಲಯ ಗುರುತಿಸಿತು. ಬಹುಜನರಿಗೆ ಹಿಡಿಸದ ಅಭಿಪ್ರಾಯವನ್ನೂ ರಕ್ಷಿಸಬೇಕು ಎಂದಿತು. ಆದರೆ ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತ್ತು ಎಂಬುದನ್ನು ನೆನಪಿಡಬೇಕು. ದೆಹಲಿಯವರೆಗೆ ಹೋಗಿ ಹಿರಿಯ ವಕೀಲರನ್ನು ನಿಲ್ಲಿಸುವ ಶಕ್ತಿ ಒಬ್ಬ ಸಂಸದರಿಗಿತ್ತು. ತಾಲೂಕು ಕೇಂದ್ರದಲ್ಲಿ ಕುಳಿತು ಬರೆಯುವ ಯುವಕನಿಗೆ, ಅಥವಾ ಮಗಳು ನಾಟಕದಲ್ಲಿ ಆಡಿದ ಮಾತಿಗೆ ಠಾಣೆ ಹತ್ತಿದ ತಾಯಿಗೆ ಅದಿಲ್ಲ. ಪ್ರತಿವರ್ಷ ಸ್ವಾಗತ ಕಮಾನು ಮತ್ತು ದೀಪಾಲಂಕಾರಕ್ಕೆ ಹಣ ಎತ್ತುವ ಜಮಾಅತ್ ಕಮಿಟಿಗಳು ಅದರಲ್ಲೊಂದು ಪಾಲನ್ನು ವಕೀಲರ ಶುಲ್ಕಕ್ಕೆಂದು ತೆಗೆದಿಡಲಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಓದುಗರು ತಮ್ಮ ತಮ್ಮ ಮೊಹಲ್ಲಾಗಳಲ್ಲಿ ಕೇಳಬೇಕು.