ಏಕಾಂತ ಬೇಕು, ಏಕಾಂತವಾದ ಬೇಡ

‘ಏಕಾಂತ’ ಎಂಬ ಶಬ್ದವನ್ನು ಜೈನರು ಎರಡು ಅರ್ಥಗಳಲ್ಲಿ ಬಲ್ಲರು. ಗದ್ದಲವಿಲ್ಲದ ನಿರ್ಜನ ಸ್ಥಳ ಎಂಬುದು ಒಂದು. ವಸ್ತುವಿನ ಒಂದೇ ಮುಖವನ್ನು ಹಿಡಿದು ಅದೇ ಪೂರ್ಣಸತ್ಯವೆಂದು ಸಾಧಿಸುವ ಹಠ ಎಂಬುದು ಇನ್ನೊಂದು. ಮೊದಲನೆಯದು ಸಾಧನೆಗೆ ಸಹಕಾರಿ. ಎರಡನೆಯದು ಮಿಥ್ಯಾತ್ವದ ಒಂದು ಭೇದ. ಇಂದಿನ ವಿದ್ಯಾವಂತ ಸಮಾಜವು ಮೊದಲನೆಯದನ್ನು ಕೈಬಿಟ್ಟು ಎರಡನೆಯದನ್ನು ಅಪ್ಪಿಕೊಂಡಿರುವುದು ವಿಷಾದದ ಸಂಗತಿ.

ಪ್ರಶ್ನಾವಳಿಯೊಂದಕ್ಕೆ ಉತ್ತರ ತುಂಬಿ, ತಾನು ಅಂತರ್ಮುಖಿಯೋ ಬಹಿರ್ಮುಖಿಯೋ ಎಂದು ತಿಳಿದುಕೊಳ್ಳುವುದು ಈಗ ತರುಣರಲ್ಲಿ ರೂಢಿಯಾಗಿದೆ. ತನ್ನ ಸ್ವಭಾವವನ್ನು ಅರಿಯಬೇಕೆಂಬ ಬಯಕೆ ತಪ್ಪಲ್ಲ. ಆದರೆ ಫಲಿತಾಂಶ ಕೈಗೆ ಬಂದೊಡನೆ ಅದಕ್ಕೆ ಜಾತಕದ ಪಟ್ಟ ಸಿಗುತ್ತದೆ. ‘ಬಹಿರ್ಮುಖಿ’ ಎಂಬ ಚೀಟಿ ಪಡೆದವನು ತನಗೆ ಮೌನ ಒಗ್ಗದೆಂದು ಸಾಮಾಯಿಕವನ್ನು ಬಿಡುತ್ತಾನೆ. ‘ಅಂತರ್ಮುಖಿ’ ಎಂಬ ಚೀಟಿ ಪಡೆದವನು ತನಗೆ ಜನ ಒಗ್ಗದೆಂದು, ಹಾಸಿಗೆ ಹಿಡಿದ ಬಂಧುವನ್ನು ನೋಡಲು ಹೋಗುವುದನ್ನೂ ಬಿಡುತ್ತಾನೆ. ಹಿರಿಯರೂ ಇದಕ್ಕೆ ಹೊರತಲ್ಲ. ಮಾತು ಕಡಿಮೆಯಿರುವ ಕನ್ಯೆಯನ್ನು ಕಂಡು ‘ಹುಡುಗಿ ಬೆರೆಯುವವಳಲ್ಲ’ ಎಂದು ಎದ್ದು ಹೋಗುವ ಬೀಗರು ಯಾವ ಪ್ರಶ್ನಾವಳಿಯನ್ನೂ ಓದಿದವರಲ್ಲ. ಆದರೂ ಚೀಟಿ ಅಂಟಿಸುವುದರಲ್ಲಿ ಅವರೇ ಮುಂದು.

ಈ ಎರಡು ಹೆಸರುಗಳನ್ನು ಪ್ರಸಿದ್ಧಿಗೆ ತಂದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಅವರ ಗ್ರಂಥ 1921ರಲ್ಲಿ ಹೊರಬಂದಿತು. ಅದನ್ನು ಆಧರಿಸಿ ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮನುಷ್ಯರನ್ನು 16 ವರ್ಗಗಳಾಗಿ ವಿಂಗಡಿಸುವ ಪ್ರಶ್ನಾವಳಿಯನ್ನು ರೂಪಿಸಿದರು. ಕೆಲವು ವಾರಗಳ ನಂತರ ಅದೇ ವ್ಯಕ್ತಿ ಮತ್ತೆ ಉತ್ತರಿಸಿದರೆ ಅನೇಕ ವೇಳೆ ಬೇರೆ ವರ್ಗಕ್ಕೆ ಸೇರುತ್ತಾನೆಂಬುದು ಅದರ ಮೇಲಿರುವ ಮುಖ್ಯ ಆಕ್ಷೇಪ. ಶುದ್ಧ ಅಂತರ್ಮುಖಿಯಾಗಲಿ ಶುದ್ಧ ಬಹಿರ್ಮುಖಿಯಾಗಲಿ ಇಲ್ಲವೆಂದು ಹೇಳಿದವರೂ, ತಮ್ಮ ವಿಚಾರವನ್ನು ಜನರಿಗೆ ಹೆಸರಂಟಿಸುವ ಆಟವಾಗಿ ಬಳಸುವುದನ್ನು ಖಂಡಿಸಿದವರೂ ಸ್ವತಃ ಯೂಂಗ್ ಅವರೇ. ಗುರು ಬೇಡವೆಂದುದನ್ನು ಶಿಷ್ಯರು ವ್ಯಾಪಾರ ಮಾಡಿಕೊಂಡರು.

ಸ್ವಭಾವಭೇದವನ್ನು ಜೈನಾಚಾರ್ಯರು ಅರಿಯದವರಲ್ಲ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳನ್ನು ಅವರು ಹೇಳಿದ್ದಾರೆ. ನೇರಳೆ ಹಣ್ಣಿನ ಆಸೆಗೆ ಒಬ್ಬನು ಮರವನ್ನೇ ಬುಡಸಹಿತ ಕೀಳಲು ಹೊರಟರೆ, ಕೊನೆಯವನು ನೆಲಕ್ಕೆ ಬಿದ್ದ ಹಣ್ಣನ್ನಷ್ಟೇ ಆಯ್ದುಕೊಳ್ಳುವ ದೃಷ್ಟಾಂತವನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಮನುಷ್ಯನ ಭಾವಲೇಶ್ಯೆ ಪರಿಣಾಮಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದೇ ಆ ಬೋಧನೆಯ ತಿರುಳು. ಅದು ಪರ್ಯಾಯವೇ ಹೊರತು ದ್ರವ್ಯವಲ್ಲ. ಮರವನ್ನು ಕಡಿಯಹೊರಟವನು ‘ಇದು ನನ್ನ ವರ್ಗದ ಗುಣ’ ಎಂದು ಕೊಡಲಿಯನ್ನು ಸಮರ್ಥಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಆದ್ದರಿಂದಲೇ ಏಕಾಂತವನ್ನು ಆಚಾರ್ಯರು ಯಾವುದೋ ಒಂದು ಸ್ವಭಾವದವರ ಸೌಲಭ್ಯವೆಂದು ಎಣಿಸಲಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಆರು ಬಾಹ್ಯ ತಪಗಳಲ್ಲಿ ವಿವಿಕ್ತಶಯ್ಯಾಸನ, ಅಂದರೆ ನಿರ್ಜನ ಸ್ಥಳದಲ್ಲಿ ಇರುವುದು, ಒಂದಾಗಿದೆ. ಅಲ್ಲಿಯೇ ಆರು ಅಂತರಂಗ ತಪಗಳಲ್ಲಿ ವೈಯಾವೃತ್ತ್ಯ, ಅಂದರೆ ಸೇವೆ, ಒಂದಾಗಿದೆ. ಅದು ಮುನಿಧರ್ಮವೆಂದು ಗೃಹಸ್ಥರು ನುಣುಚಿಕೊಳ್ಳುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ವಿಧಿಸಿದ ನಾಲ್ಕು ಶಿಕ್ಷಾವ್ರತಗಳು ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ ಮತ್ತು ವೈಯಾವೃತ್ತ್ಯ. ಸಾಮಾಯಿಕಕ್ಕೆ ಏಕಾಂತ ಸ್ಥಳವನ್ನು ಹೇಳುವಾಗ ಅವರು ಕಾಡನ್ನೂ ಚೈತ್ಯಾಲಯವನ್ನೂ ಹೇಳಿ, ಮನೆಯನ್ನೂ ಸೇರಿಸಿದ್ದಾರೆ. ಒಂದೇ ಪಟ್ಟಿಯಲ್ಲಿ ಏಕಾಂತವೂ ಇದೆ, ಸೇವೆಯೂ ಇದೆ. ಮಾತುಗಾರನಿಗೆ ಸಾಮಾಯಿಕ, ಮೌನಿಗೆ ಸೇವೆ ಎಂಬ ವಿನಾಯಿತಿ ಅಲ್ಲಿಲ್ಲ. ಇಬ್ಬರಿಗೂ ಎರಡೂ ವ್ರತಗಳೇ.

ಬಾಹುಬಲಿಯು ರಣರಂಗದಲ್ಲಿ ಗೆದ್ದು, ಗೆದ್ದುದನ್ನು ಬಿಟ್ಟು, ಕಾಡಿನಲ್ಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಚಿತ್ರಿಸಿದ ಭರತನಾದರೋ ಅರಮನೆಯ ಭೋಗದ ನಡುವೆಯೇ ಆತ್ಮಧ್ಯಾನಕ್ಕೆ ಕುಳಿತನು. ಅಣ್ಣತಮ್ಮಂದಿರ ದಾರಿ ಬೇರೆ; ಏಕಾಂತ ಮಾತ್ರ ಇಬ್ಬರಿಗೂ ಬೇಕಾಯಿತು. ಯೂಂಗ್ ಅವರೂ 1923ರಲ್ಲಿ ಜ್ಯೂರಿಕ್ ಸರೋವರದ ದಡದ ಬೋಲಿಂಗನ್ ಎಂಬಲ್ಲಿ ವಿದ್ಯುತ್ತಿಲ್ಲದ ಕಲ್ಲಿನ ಗೋಪುರವೊಂದನ್ನು ಕಟ್ಟಲಾರಂಭಿಸಿ, ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗಿ ಇರುತ್ತಿದ್ದರು. ಅವರ ಹೆಸರು ಹೇಳಿ ಚೀಟಿ ಹಂಚುವವರು ಅವರ ಗೋಪುರದ ಸುದ್ದಿಯನ್ನು ಎತ್ತುವುದಿಲ್ಲ.

ಇದಕ್ಕೊಂದು ಆಕ್ಷೇಪವಿದೆ. ಒಂಟಿತನವು ರೋಗವೆಂದು ಜಗತ್ತೇ ಕೂಗುತ್ತಿರುವಾಗ ಏಕಾಂತದ ಬೋಧನೆ ಏಕೆ ಎಂದು ಕೆಲವರು ಕೇಳುತ್ತಾರೆ. ಬ್ರಿಟನ್ 2018ರಲ್ಲಿ ಒಂಟಿತನದ ನಿವಾರಣೆಯ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿತು. ಅಮೆರಿಕದ ಸರ್ಜನ್ ಜನರಲ್ 2023ರಲ್ಲಿ ಈ ಕುರಿತು ಎಚ್ಚರಿಕೆಯ ಪ್ರಕಟಣೆ ಹೊರಡಿಸಿದರು. ಆ ಎಚ್ಚರಿಕೆ ಸತ್ಯವೇ. ಆದರೆ ಒಂಟಿತನವು ಇತರರು ಕೈಬಿಟ್ಟಾಗ ಬರುವ ನೋವು. ಏಕಾಂತವು ಮನುಷ್ಯ ತಾನೇ ಆರಿಸಿಕೊಂಡು ಗೊತ್ತಾದ ಹೊತ್ತಿಗೆ ಮರಳಿ ಬರುವ ಸ್ಥಳ. ಸಂಜೆ ಬಾಗಿಲು ಹಾಕಿ ಕಿರ್ದಿ ಬರೆಯುವ ವರ್ತಕನನ್ನು ಯಾರೂ ಅಂಗಡಿ ಮುಚ್ಚಿದವನೆನ್ನುವುದಿಲ್ಲ. ಲೆಕ್ಕ ನೋಡದೆ ಹಗಲಿರುಳು ಮಾರುತ್ತಲೇ ಇರುವವನ ಅಂಗಡಿಯೇ ಒಂದು ದಿನ ಮುಚ್ಚುತ್ತದೆ. ಸಾಮಾಯಿಕವು ಆತ್ಮದ ಕಿರ್ದಿ. ದಿನದ ಆಸ್ರವವೆಷ್ಟು, ನಿರ್ಜರೆಯೆಷ್ಟು ಎಂದು ನೋಡುವ ಹೊತ್ತು. ಅದಕ್ಕೆ ಬೇಕಾದುದು ಎರಡು ಘಳಿಗೆ, ಅಂದರೆ 48 ನಿಮಿಷ. ಕೈಯಲ್ಲಿರುವ ಮೊಬೈಲಿಗೆ ದಿನಕ್ಕೆ ಹಲವು ಗಂಟೆ ತೆತ್ತವನು ಈ 48 ನಿಮಿಷಕ್ಕೆ ತನ್ನ ಸ್ವಭಾವ ಅಡ್ಡಿಯೆನ್ನುವುದು ಶುದ್ಧ ನೆಪ.

ಇಲ್ಲಿ ಒಂದು ಕಟುಸತ್ಯವನ್ನು ಹೇಳಲೇಬೇಕು. ಏಕಾಂತದ ಕುರಿತು ಪ್ರವಚನ ಕೇಳಿ ತಲೆದೂಗುವ ಗೃಹಸ್ಥನ ಮನೆಯಲ್ಲಿ ಏಕಾಂತವೇ ಇಲ್ಲದ ಒಬ್ಬರಿರುತ್ತಾರೆ. ಬೆಳಿಗ್ಗೆ ನೀರು ಸೋಸುವುದರಿಂದ ಹಿಡಿದು, ಸೂರ್ಯಾಸ್ತದೊಳಗೆ ಎಲ್ಲರಿಗೂ ಊಟ ಮುಗಿಸುವವರೆಗೆ ಆಕೆಯ ಕೈ ಬಿಡುವಾಗುವುದಿಲ್ಲ. ಅನಂತರವಾದರೂ ಮಕ್ಕಳ ಪಾಠ, ಅತ್ತೆಮಾವಂದಿರ ಔಷಧ. ಆಕೆ ಅಂತರ್ಮುಖಿಯೋ ಬಹಿರ್ಮುಖಿಯೋ ಎಂದು ಯಾರೂ ಕೇಳಿದ್ದಿಲ್ಲ. ಗಂಡನು ಬಸದಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುವ ಹೊತ್ತು ಆಕೆಯ ದುಡಿಮೆಯಿಂದ ದೊರೆತ ಹೊತ್ತು. ಹೆಂಡತಿಯ 48 ನಿಮಿಷವನ್ನು ಕಸಿದು ಮಾಡಿದ ಸಾಮಾಯಿಕದಲ್ಲಿ ಸಮತೆ ಎಲ್ಲಿಂದ ಬಂದೀತು?

ಪರಿಹಾರಕ್ಕೆ ಮನೋವಿಜ್ಞಾನಿಯೂ ಬೇಡ, ಹೊಸ ಸಂಸ್ಥೆಯೂ ಬೇಡ. ಪ್ರತಿ ಶ್ರಾವಕನ ಮನೆಯಲ್ಲಿ ಒಂದು ಮೂಲೆ, ಒಂದು ಚಾಪೆ ಮೀಸಲಾಗಲಿ. ಮನೆಯ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಸರದಿ ಇರಲಿ. ಗೃಹಿಣಿಯ ಸರದಿಯಲ್ಲಿ ಗಂಡನು ಒಲೆಯ ಮುಂದೆ ನಿಲ್ಲಲಿ. ಅದು ಅವನ ವೈಯಾವೃತ್ತ್ಯವಾಗುತ್ತದೆ. ಮಾತು ಕಡಿಮೆಯಿರುವ ಮಗುವನ್ನು ವೇದಿಕೆಗೆ ಎಳೆಯುವುದೂ, ಮಾತಿನ ಮಗುವನ್ನು ಗದರಿ ಕೂರಿಸುವುದೂ ನಿಲ್ಲಲಿ. ಎರಡು ಮಕ್ಕಳೂ ಹಿರಿಯರನ್ನು ನೋಡಿ ಆ ಚಾಪೆಯ ಮೇಲೆ ಕೂರಲು ತಾವಾಗಿ ಕಲಿಯುತ್ತವೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಏಕತ್ವಭಾವನೆಯು ಕಲಿಸುವುದು ಇಷ್ಟೇ: ಜೀವವು ಒಂಟಿಯಾಗಿ ಬರುತ್ತದೆ, ಒಂಟಿಯಾಗಿ ಹೋಗುತ್ತದೆ, ಮಾಡಿದ ಕರ್ಮವನ್ನು ಒಂಟಿಯಾಗಿ ಉಣ್ಣುತ್ತದೆ. ಆ ಪಯಣದಲ್ಲಿ 16 ವರ್ಗಗಳ ಯಾವ ಚೀಟಿಯೂ ಜೊತೆಗೆ ಬರುವುದಿಲ್ಲ.