ಟಿಕೆಟ್ ಪುಕ್ಕಟೆ, ಮೆಟ್ಟಿಲು ತುಟ್ಟಿ

ಕಳೆದ ವಾರ ಸುಂಕಸಾಳದಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದ ಅಂಕೋಲೆ ಬಸ್ಸು ನಿಂತಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮೊದಲು ಚೀಲ ಒಳಗೆ ತೂರಿದರು, ಆಮೇಲೆ ಊರುಗೋಲು. ಎರಡೂ ಕೈಯಲ್ಲಿ ಕಂಬಿ ಹಿಡಿದು ಮೆಟ್ಟಿಲ ಮೇಲೆ ಮೊಣಕಾಲೂರಿದರು. ಪಾದ ಮೇಲೆ ಬಂದದ್ದು ಅದರ ನಂತರ. ‘ಸಾವಕಾಶ ಹತ್ತಬೇ ಯವ್ವಾ’ ಎಂದ ಕಂಡಕ್ಟರ್. ಕಿಟಕಿ ಪಕ್ಕ ಕೂತಿದ್ದ ಮಹಾಶಯನೊಬ್ಬ ಮಾತ್ರ ಗಡಿಯಾರ ನೋಡುತ್ತ, ‘ಈ ವಯಸ್ಸಿಗೆ ಮನೇಲಿ ಬಿದ್ದಿರೋದು ಬಿಟ್ಟು...’ ಎಂದು ಗೊಣಗಿದ. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು!

ಮಹಾಶಯರೇ, ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದು ಅಜ್ಜಿ ಅಂಕೋಲೆಯ ಸರ್ಕಾರಿ ಆಸ್ಪತ್ರೆಗೆ ಹೊರಟಿದ್ದರು. ತಂದುಕೊಡಬೇಕಾದ ಮಗ ಗೋವಾದಲ್ಲಿ ದುಡಿಯುತ್ತಾನೆ. ಅಷ್ಟಕ್ಕೂ ಅಜ್ಜಿ ಜಾತ್ರೆಗೇ ಹೊರಟಿದ್ದರೂ ನಿಮ್ಮದೇನು ಗಂಟು ಹೋಗುತ್ತಿತ್ತು?

2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾಯಿತು, ಒಳ್ಳೆಯದೇ ಆಯಿತು. ಮೆಟ್ಟಿಲು ಮಾತ್ರ ಇದ್ದ ಎತ್ತರದಲ್ಲೇ ಇದೆ. ಬಸ್ಸು, ನಿಲ್ದಾಣ ಎಲ್ಲರಿಗೂ ಎಟುಕುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ ಮುಖ್ಯ ಸವಲತ್ತುಗಳಿಗೆ ಶೇ 40ರಷ್ಟು ವೈಕಲ್ಯ ಇರಬೇಕು. ಸವೆದ ಮಂಡಿ, ಮಂಜಾದ ಕಣ್ಣು ಆ ಗೆರೆ ಮುಟ್ಟುತ್ತವೆಯೋ ಇಲ್ಲವೋ ಎಂದು ತಿಳಿಯಲು ವೈದ್ಯರ ಮುಂದೆ ನಿಲ್ಲಬೇಕು. ಅಲ್ಲಿಗೆ ಹೋಗಲಿಕ್ಕೂ ಅದೇ ಮೆಟ್ಟಿಲು ಹತ್ತಬೇಕು.

2011ರಲ್ಲಿ ದೇಶದ ನೂರು ಜನರಲ್ಲಿ ಅರವತ್ತು ದಾಟಿದವರು ಎಂಟೂ ಮುಕ್ಕಾಲಿಗಿಂತ ಕಡಿಮೆ ಇದ್ದರು. 2036ರ ಹೊತ್ತಿಗೆ ಹದಿನೈದರ ಹತ್ತಿರ ಇರುತ್ತಾರೆಂಬುದು ಸರ್ಕಾರದ್ದೇ ಅಂದಾಜು. ಮಕ್ಕಳೆಲ್ಲ ಬೆಂಗಳೂರು, ಗೋವಾ ಸೇರಿರುವ ನಮ್ಮ ಘಟ್ಟದ ಬುಡದ ಮನೆಗಳಲ್ಲಿ ಈಗಲೇ ಇಬ್ಬರು ಮುದುಕರು, ಒಂದು ನಾಯಿ. ಬಿದ್ದು ಸೊಂಟ ಮುರಿದರೆ ಎತ್ತುವವರಿಲ್ಲ. ಹೋಮ್ ನರ್ಸ್ ಇಡುವ ಮಾತು ₹1,200ರ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಆಗುವಂಥದ್ದಲ್ಲ. ಬೀಳದ ಹಾಗೆ ನೋಡಿಕೊಳ್ಳುವುದೇ ಬಡವರ ಪಾಲಿನ ಆರೈಕೆ.

ಅದಕ್ಕೆ ದೆಹಲಿಯವರೆಗೆ ಹೋಗಬೇಕಿಲ್ಲ. ಬಸ್ಸು ನಿಲ್ಲುವಲ್ಲಿ ಒಂದು ಚಿರೆಕಲ್ಲಿನ ಕಟ್ಟೆ, ಹತ್ತಲು ಇಳಿಜಾರು, ಹಿಡಿದುಕೊಳ್ಳಲು ಕಂಬಿ ಸಾಕು. ಅಂಗವಿಕಲರಿಗೆಂದು ಪಂಚಾಯಿತಿ ತೆಗೆದಿಡಬೇಕಾದ ಶೇ 5ರ ಹಣ ಎಲ್ಲಿಗೆ ಹೋಯಿತೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಮಂಡಿ ಗಟ್ಟಿಯಿರುವಾಗಲೇ ಎದ್ದು ನಿಂತು ಕೇಳಿ.